ಹರಿದ ವಸ್ತ್ರ ಮತ್ತು ತವನಿಧಿ: ದಾಸಿಮಯ್ಯನಲ್ಲಿ ಸೋಲಿನ ನೆಲೆ

ಹತ್ತಿಕುಣಿಯನ್ನೊಳಗೊಂಡ ಯಾದಗಿರಿ, ಶಹಾಪುರ, ಸುರಪುರ ಸೀಮೆ ಹತ್ತಿ ಬೆಳೆಯುವ ನೆಲ. ಇದೇ ಸೀಮೆಯ ಮುದನೂರನ್ನು ಆದ್ಯ ವಚನಕಾರನೆನಿಸಿದ ದಾಸಿಮಯ್ಯನ ಊರೆಂದು ಪರಂಪರೆ ಗುರುತಿಸುತ್ತ ಬಂದಿದೆ. ದೇವರ ದಾಸಿಮಯ್ಯ ಹಾಗೂ ಜೇಡರ ದಾಸಿಮಯ್ಯ ಒಬ್ಬನೇ, ಬೇರೆ ಬೇರೆಯೇ ಎಂಬ ಚರ್ಚೆ ವಿದ್ವಾಂಸರಲ್ಲಿ ನಡೆದಿದೆ. ಅದನ್ನು ಬದಿಗಿರಿಸಿ, ನೇಕಾರನ ಐತಿಹ್ಯಕ್ಕೂ ‘ರಾಮನಾಥ’ ಅಂಕಿತದ ವಚನಗಳಿಗೂ ಇರುವ ಅಂತರವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಸೃಜನಕ್ರಿಯೆಯಲ್ಲಿ ಅನಿಶ್ಚಿತತೆಗೂ ಸೋಲಿಗೂ ಇರುವ ಬೆಲೆ ಈ ಅಂತರದಲ್ಲಿ ಗೋಚರಿಸುತ್ತದೆ.

ಐತಿಹ್ಯ ಸುಪರಿಚಿತವಾದುದು. ದಾಸಿಮಯ್ಯ ಬಹುಕಾಲ ಶ್ರಮಿಸಿ ನೇಯ್ದ ವಸ್ತ್ರವನ್ನು ಜಂಗಮವೇಷದ ಶಿವ ಬೇಡಿ ಪಡೆದು, ಅವನ ಕಣ್ಣೆದುರೇ ಹರಿದು ಹಾಕುತ್ತಾನೆ. ನೇಕಾರ ಕದಲುವುದಿಲ್ಲ. ಮೆಚ್ಚಿದ ಶಿವ ಬರಿದಾಗದ ತವನಿಧಿಯನ್ನು ಕರುಣಿಸುತ್ತಾನೆ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ, ಅದನ್ನು ಅನುಸರಿಸಿದ ಭೀಮಕವಿಯ ಕನ್ನಡ ಬಸವಪುರಾಣ (1369) ದಾಸಿಮಯ್ಯನ ಕಥೆಯನ್ನು ಶರಣಕಥೆಗಳ ಸಾಲಿಗೆ ಸೇರಿಸಿವೆ. ಕಥನದ ದೃಷ್ಟಿಯಿಂದ ಇಲ್ಲಿ ನಷ್ಟ ಪರೀಕ್ಷೆಯ ಒಂದು ಘಟ್ಟ ಮಾತ್ರ. ತವನಿಧಿ ದೊರೆತೊಡನೆ ಹರಿದ ವಸ್ತ್ರ ಮರೆಗೆ ಸರಿಯುತ್ತದೆ. ಪುರಾಣ ಸೋಲನ್ನು ಸೋಲಾಗಿ ಉಳಿಯಗೊಡುವುದಿಲ್ಲ.

ವಚನಗಳ ನಿಲುವು ಭಿನ್ನ. ಒಡಲುಳ್ಳವನಿಗೆ ಹಸಿವೂ ಹುಸಿಯೂ ತಪ್ಪಿದ್ದಲ್ಲ, ಅದಕ್ಕಾಗಿ ತನ್ನನ್ನು ಜರೆಯದೆ ನೀನೂ ಒಮ್ಮೆ ಒಡಲುಗೊಂಡು ನೋಡು ಎಂದು ದಾಸಿಮಯ್ಯ ರಾಮನಾಥನಿಗೇ ಸವಾಲೆಸೆಯುತ್ತಾನೆ. ಇಲ್ಲಿ ಕುಂದನ್ನು ಮುಚ್ಚುವ ವರವಿಲ್ಲ. ಕುಂದೇ ಮಾತಿನ ಹುಟ್ಟುನೆಲೆ. ಐತಿಹ್ಯದ ದಾಸಿಮಯ್ಯ ನಷ್ಟದೆದುರು ಮೌನಿ. ವಚನದ ದಾಸಿಮಯ್ಯ ಕೊರತೆಯಿಂದಲೇ ಮಾತು ಪಡೆದವನು. ದಾಸನಂತೆ ತವನಿಧಿಯನ್ನು ಬೇಡುವವನು ತಾನಲ್ಲ ಎಂಬ ಬಸವಣ್ಣನ ಮಾತೂ ಇಲ್ಲಿ ಗಮನಾರ್ಹ. ಐತಿಹ್ಯ ಪ್ರತಿಫಲವಾಗಿ ಕಂಡದ್ದನ್ನು ಮುಂದಿನ ವಚನಕಾರ ನಿರಾಕರಿಸುತ್ತಾನೆ.

ಈ ನಿರಾಕರಣೆಗೆ ರೂಪದ ಆಯಾಮವೂ ಉಂಟು. ಚಂಪೂಕವಿಗೆ ವೃತ್ತ, ಕಂದಗಳ ಆಸರೆಯಿತ್ತು. ವಚನಕ್ಕೆ ಅಂತಹ ನಿಶ್ಚಿತ ಛಂದಸ್ಸಿನ ಕಟ್ಟಿಲ್ಲ. ಮಗ್ಗದಲ್ಲಿ ಹಾಸು ಮೊದಲೇ ಸಿದ್ಧವಿರುತ್ತದೆ, ಹೊಕ್ಕು ಅದನ್ನು ಅನುಸರಿಸುತ್ತದೆ. ವಚನಕಾರನಾದರೋ ಪ್ರತಿ ಸಲವೂ ಹಾಸನ್ನೇ ಹೊಸದಾಗಿ ಹೂಡಬೇಕು. ಹಿಂದಿನ ವಚನದ ಗೆಲುವು ಮುಂದಿನದಕ್ಕೆ ಭರವಸೆಯಾಗದು.

ಆದುದರಿಂದ ದಾಸಿಮಯ್ಯನ ಅಧ್ಯಯನದಲ್ಲಿ ಐತಿಹ್ಯವನ್ನು ವಚನಗಳ ವ್ಯಾಖ್ಯಾನವಾಗಿ ಬಳಸುವ ರೂಢಿ ಮರುಪರಿಶೀಲನೆಗೆ ಒಳಗಾಗಬೇಕು. ತವನಿಧಿಯ ಬೆಳಕಿನಲ್ಲಿ ಓದಿದರೆ ವಚನಗಳು ಸಿದ್ಧಪುರುಷನ ಉಪದೇಶಗಳಾಗಿ ತೋರುತ್ತವೆ. ಹರಿದ ವಸ್ತ್ರದ ಬಳಿ ನಿಂತು ಓದಿದಾಗ, ಮುಂದೇನೆಂದು ತಿಳಿಯದೆಯೂ ನೇಯುತ್ತಲೇ ಇದ್ದವನೊಬ್ಬನ ದನಿ ಕೇಳಿಸುತ್ತದೆ.