ಹೆಣ್ಣು, ಹಿಂಸೆ ಮತ್ತು ಚಿತ್ತವಿಕಾರ

ಹೆಂಗಸು ಕೊಲೆ ಮಾಡಿದಳೆಂದರೆ 'ಹುಚ್ಚು' ಎಂದುಬಿಡುವುದು ಲೋಕರೂಢಿ. 'ಸಯನೈಡ್ ಮಲ್ಲಿಕಾ' ಎಂದು ಕುಖ್ಯಾತಳಾದ ಕೆಂಪಮ್ಮನನ್ನೇ ನೋಡಿರಿ. 1999ರಿಂದ 2007ರವರೆಗೆ, ದೇವಸ್ಥಾನಗಳಲ್ಲಿ ನೊಂದ ಸ್ತ್ರೀಯರ ಸ್ನೇಹ ಬೆಳೆಸಿ, ಪೂಜೆಯ ನೆಪದಲ್ಲಿ ವಿಷವಿಕ್ಕಿ ಒಡವೆ ದೋಚಿದವಳು. ಇಷ್ಟು ಸಿದ್ಧತೆಯಲ್ಲಿ ಹುಚ್ಚೆಲ್ಲಿ? ಸೈಕೋಪಥಿಯಲ್ಲಿಯೂ ಬುದ್ಧಿ ಕೆಟ್ಟಿರುವುದಿಲ್ಲ, ಕನಿಕರ ಬತ್ತಿರುತ್ತದೆ. ಆಕೆಗೆ ಅದಿತ್ತೆಂದು ಪತ್ರಿಕೆ ಓದಿ ನಿರ್ಣಯಿಸುವುದು ಮಾತ್ರ ಸಲ್ಲದು.

ಬಾಣಂತಿಸನ್ನಿಯ ಮಾತೇ ಬೇರೆ. ಹೆತ್ತ ಸಾವಿರ ಮಂದಿಯಲ್ಲಿ ಒಬ್ಬಿಬ್ಬರಿಗೆ ಬರುವ ಈ ರೋಗದ ಭ್ರಮೆಯಲ್ಲಿ, ಅಪರೂಪಕ್ಕೆ, ತಾಯಿಯೇ ಕೂಸನ್ನು ಕೊಲ್ಲುವುದುಂಟು. ಮಾಡುತ್ತಿರುವುದೇನೆಂದು, ಅದು ತಪ್ಪೆಂದು ಅರಿಯಲಾಗದವಳನ್ನು ದಂಡಸಂಹಿತೆಯ 84ನೆಯ ಕಲಮು ಕ್ಷಮಿಸುತ್ತಿತ್ತು. 2024ರಿಂದ ನ್ಯಾಯಸಂಹಿತೆಯ 22ನೆಯ ಕಲಮು ಕ್ಷಮಿಸುತ್ತದೆ. ಆದರೆ ಕಾನೂನು ಬರುವುದು ಕೂಸು ಸತ್ತ ಮೇಲೆ. ನಿದ್ದೆಗೆಟ್ಟು ಬಡಬಡಿಸುವ ಬಾಣಂತಿಗೆ ತಾಯಿತ ಕಟ್ಟಿಸುತ್ತ ಕೂರದೆ ಆಸ್ಪತ್ರೆಗೆ ಒಯ್ದರೆ ಈ ರೋಗ ವಾಸಿಯಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಮಗುವನ್ನು ಒಟ್ಟಿಗಿರಿಸಿಯೇ ಚಿಕಿತ್ಸೆ ಮಾಡುವ ವಿಭಾಗವಿದೆ.