ನಾಯಿಮರಿ ಕೊಳ್ಳುವ ಮುಂಚೆ ತಾಯಿ ನೋಡಿ

ಎತ್ತು ಕೊಳ್ಳೋದನ್ನು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅಜ್ಜಂಪುರದ ಅಮೃತಮಹಲ್ ಕೇಂದ್ರ, ಕಡೂರು-ಬೀರೂರು ಸೀಮೆಯ ಕಾವಲುಗಳ ಮಗ್ಗುಲಲ್ಲೇ ಬೆಳೆದವರು ನಾವು. ಬಾಯಿ ಬಿಡಿಸಿ ಹಲ್ಲು ಎಣಿಸುತ್ತೇವೆ, ಸುಳಿ ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸುತ್ತೇವೆ, ತಾಯಿ ಯಾರ ಮನೆಯದು ಅಂತ ವಿಚಾರಿಸುತ್ತೇವೆ. ಅದೇ ನಾಯಿಮರಿ ತರುವಾಗ? ಪೇಟೆಯಲ್ಲಿ ಯಾರೋ ರಟ್ಟಿನ ಡಬ್ಬಿ ಕೈಗೆ ಕೊಡುತ್ತಾರೆ, ದುಡ್ಡು ಎಣಿಸಿ ಬಸ್ಸು ಹತ್ತುತ್ತೇವೆ.

ಹೆಬ್ಬೆ, ಕೆಮ್ಮಣ್ಣುಗುಂಡಿ ಸುತ್ತಿನ ತೋಟದವರಿಗೆ ನಾಯಿ ಶೋಕಿಗೆ ಸಾಕುವ ಪ್ರಾಣಿಯಲ್ಲ. ಒಂಟಿ ಮನೆ, ಪಕ್ಕದಲ್ಲೇ ಭದ್ರಾ ಅಭಯಾರಣ್ಯ. ರಾತ್ರಿ ಹಂದಿ, ಹಗಲು ಕೋತಿ. ಚಿರತೆ ಬಂದರೆ ಮೊದಲು ಹೋಗೋದು ನಾಯಿಯೇ. ಹಾಗಾಗಿ ಮತ್ತೆ ಮತ್ತೆ ಮರಿ ಬೇಕು. ಈ ಗರಜನ್ನೇ ನಂಬಿ ಮರಿ ಮಾರುವವರಲ್ಲಿ ಒಳ್ಳೆಯವರೂ ಇದ್ದಾರೆ, ದುಡ್ಡಿಗಷ್ಟೇ ಹುಟ್ಟಿಸುವವರೂ ಇದ್ದಾರೆ. ಇಬ್ಬರನ್ನೂ ಬೇರೆ ಮಾಡಿ ನೋಡೋದು ಹೇಗೆ?

ಮರಿ ನೋಡಿದರೆ ಸಾಲದು

ಮರಿಗಳನ್ನು ಹೆಚ್ಚು ಕೊಲ್ಲುವ ರೋಗ ಪಾರ್ವೋ. ವೈರಸ್ ಒಳಗೆ ಹೊಕ್ಕು ಸಾಮಾನ್ಯವಾಗಿ 3ರಿಂದ 7 ದಿನ, ಕೆಲವೊಮ್ಮೆ ಎರಡು ವಾರ ಏನೂ ತೋರಿಸಿಕೊಳ್ಳುವುದಿಲ್ಲ. ಕೊಂಡ ದಿನ ಮರಿ ಕುಣಿದಾಡುತ್ತೆ. ಮನೆಗೆ ಬಂದು ನಾಲ್ಕೈದು ದಿನಕ್ಕೆ ಅನ್ನ ಬಿಡುತ್ತೆ, ವಾಂತಿ, ಗಬ್ಬು ನಾತದ ರಕ್ತಭೇದಿ. ಚಿಕಿತ್ಸೆ ತಡವಾದರೆ ಎರಡು ಮೂರು ದಿನದಲ್ಲಿ ಕತೆ ಮುಗಿಯುತ್ತೆ. ಮಾರಿದವರನ್ನು ಕೇಳಿದರೆ, 'ನಿಮ್ಮ ಮನೆ ಊಟ ಒಗ್ಗಲಿಲ್ಲ' ಅಂತಾರೆ.

ನಷ್ಟ ಅಲ್ಲಿಗೇ ನಿಲ್ಲುವುದಿಲ್ಲ. ನೆರಳು, ತೇವ ಇರುವ ಮಣ್ಣಿನಲ್ಲಿ ಈ ವೈರಸ್ ತಿಂಗಳುಗಟ್ಟಲೆ ಬದುಕುತ್ತೆ. ಸತ್ತ ಮರಿಯ ಜಾಗಕ್ಕೆ ತಂದ ಇನ್ನೊಂದೂ ಹೋಗುವುದು ಅದಕ್ಕೇ. ಕಟ್ಟಿದ ಜಾಗ, ತಟ್ಟೆ ಎಲ್ಲ ತೊಳೆದು ಬ್ಲೀಚಿಂಗ್ ಪುಡಿ ನೀರು ಹಾಕಿ. ಮುಂದಿನ ಮರಿ ತರುವುದಾದರೆ ಎಲ್ಲ ಲಸಿಕೆ ಮುಗಿದದ್ದನ್ನೇ ತನ್ನಿ.

ಅಂದರೆ, ರೋಗ ಮರಿಯ ಮುಖದಲ್ಲಿ ಕಾಣೋದಿಲ್ಲ. ಅದು ಹುಟ್ಟಿದ ಜಾಗದಲ್ಲಿ, ತಾಯಿಯ ಮೈಯಲ್ಲಿ, ಮಾರುವವರ ಮಾತಿನಲ್ಲಿ ಕಾಣುತ್ತೆ.

ಅನುಮಾನ ಪಡಬೇಕಾದ್ದು ಎಲ್ಲಿ?

* 'ನೀವು ಬರೋದು ಬೇಡ, ಬಸ್‌ಸ್ಟ್ಯಾಂಡಿಗೆ ತಂದುಕೊಡ್ತೀವಿ' ಅಂದರೆ. ಮರಿ ಹುಟ್ಟಿದ ಜಾಗ ತೋರಿಸಲು ಅಳುಕುವವರಿಂದ ಕೊಳ್ಳಬೇಡಿ.

* ತಾಯಿ 'ಊರಲ್ಲಿದೆ', 'ತೋಟದಲ್ಲಿದೆ' ಅಂದರೆ. ಬಹಳ ಸಲ ಮರಿ ಇನ್ನೆಲ್ಲಿಂದಲೋ ಸಗಟಾಗಿ ಬಂದಿರುತ್ತೆ. ತಾಯಿ ತೋರಿಸಿದರೂ ಮರಿಗಳು ಅದರ ಹತ್ತಿರ ಹೋಗುತ್ತವಾ, ಮೊಲೆ ಇಳಿದಿದೆಯಾ ನೋಡಿ. ತಾಯಿ ಕಚ್ಚುಬುದ್ಧಿಯದೋ ಪುಕ್ಕಲೋ ಆದರೆ ಮರಿಗೂ ಅದು ಬರಬಹುದು.

* ಯಾವ ಜಾತಿ ಕೇಳಿದರೂ, ಯಾವ ತಿಂಗಳು ಕೇಳಿದರೂ 'ಇದೆ' ಅಂದರೆ. ಹೆಣ್ಣುನಾಯಿ ಬೆದೆಗೆ ಬರುವುದು ಸುಮಾರು ಆರೇಳು ತಿಂಗಳಿಗೊಮ್ಮೆ. ಚೆನ್ನಾಗಿ ಸಾಕುವವರು 'ಈಗಿಲ್ಲ, ಕಾಯಿರಿ' ಅನ್ನುತ್ತಾರೆ.

* 30-40 ದಿನಕ್ಕೇ ಕೊಡಲು ಬಂದರೆ. 'ಚಿಕ್ಕದಿದ್ದರೆ ಬೇಗ ಹೊಂದಿಕೊಳ್ಳುತ್ತೆ' ಅನ್ನುವುದು ಮೇವು ಉಳಿಸುವ ಮಾತು. ತಾಯಿ, ಒಡಹುಟ್ಟುಗಳ ಜೊತೆ ಎರಡು ತಿಂಗಳಿದ್ದ ಮರಿ ಕಚ್ಚುವ ಅಳತೆ ಕಲಿತಿರುತ್ತೆ.

* ಲಸಿಕೆ ಕಾರ್ಡು ಖಾಲಿ ಇದ್ದರೆ, ಅಥವಾ ಒಂದೇ ಪೆನ್ನಿನಲ್ಲಿ ಒಂದೇ ಸಲಕ್ಕೆ ಬರೆದಂತಿದ್ದರೆ. ಸರಿಯಾದ ಕಾರ್ಡಿನಲ್ಲಿ ತಾರೀಖು, ಸೀಸೆಯ ಚೀಟಿ, ಡಾಕ್ಟರ ಸಹಿ ಮೂರೂ ಇರುತ್ತವೆ. ಕೆನಲ್ ಕ್ಲಬ್ ಕಾಗದ ವಂಶ ಹೇಳುತ್ತೆ, ಆರೋಗ್ಯ ಹೇಳೋದಿಲ್ಲ.

* ನಿಮ್ಮನ್ನು ಒಂದೂ ಪ್ರಶ್ನೆ ಕೇಳದಿದ್ದರೆ. ಎಲ್ಲಿ ಕಟ್ಟುತ್ತೀರಿ, ಏನು ಹಾಕುತ್ತೀರಿ ಅಂತ ಕೇಳುವವರಿಗೆ ಮರಿಯ ಮೇಲೆ ಮಮತೆ ಇದೆ ಅಂತ ಲೆಕ್ಕ.

ಹಲ್ಲು ಇಲ್ಲೂ ಹೇಳುತ್ತೆ

ಎತ್ತಿನ ಹಲ್ಲು ನೋಡುವ ವಿದ್ಯೆ ಇಲ್ಲಿಗೂ ಬರುತ್ತೆ. ಮೂರು ನಾಲ್ಕು ವಾರಕ್ಕೆ ಹಾಲುಹಲ್ಲು ಮೂಡಲು ಶುರು. ಎರಡು ತಿಂಗಳಿಗೆ ದವಡೆಯವೂ ಸೇರಿ 28 ಬಂದಿರಬೇಕು. ಕೋರೆಹಲ್ಲಿನ ಹಿಂದೆ ಬರೀ ವಸಡಿದ್ದರೆ ಮರಿಗೆ ಎರಡು ತಿಂಗಳಾಗಿಲ್ಲ. ಹಾಗೇ ವಸಡು ಕೆಂಪಗಿದೆಯಾ, ಕಿವಿಯೊಳಗೆ ಉಣುಗು ಇದೆಯಾ, ಹಿಂಭಾಗಕ್ಕೆ ಭೇದಿ ಮೆತ್ತಿದೆಯಾ ನೋಡಿ. ಮೈ ಬಡಕಲಾಗಿ ಹೊಟ್ಟೆ ಮಾತ್ರ ಡೊಳ್ಳಾಗಿದ್ದರೆ ಜಂತುಹುಳು.

ಕಾನೂನೂ ಇದೆ

ನಾಯಿ ತಳಿ ಬೆಳೆಸಿ ಮಾರುವವರಿಗೆ ಕೇಂದ್ರ ಸರ್ಕಾರ 2017ರಲ್ಲಿ ನಿಯಮ ಮಾಡಿದೆ. ಅವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. 8 ವಾರ ತುಂಬದ ಮರಿ ಮಾರುವ ಹಾಗಿಲ್ಲ. 18 ತಿಂಗಳಾಗದ ಹೆಣ್ಣುನಾಯಿಗೆ ಗಂಡು ಬಿಡುವಂತಿಲ್ಲ, ಎರಡು ಬೆದೆಗೆ ಬೆನ್ನುಬೆನ್ನಿಗೆ ಬಿಡುವಂತಿಲ್ಲ. ದುಬಾರಿ ಮರಿ ಕೊಳ್ಳುವವರು ನೋಂದಣಿ ಪತ್ರ ಕೇಳಿ. ಕೇಳಿದ್ದಕ್ಕೆ ಮುಖ ಗಂಟಿಕ್ಕಿದರೆ ಉತ್ತರ ಸಿಕ್ಕಿತು ಅಂತಲೇ.

ಹೆಸರಿಗೆ ಮರುಳಾಗಬೇಡಿ

ಮುಧೋಳ ನಾಯಿಗೆ ಈಗ ಬಲು ಹೆಸರು. 2005ರಲ್ಲಿ ಅಂಚೆಚೀಟಿಯಲ್ಲಿ ಬಂತು, ಆಮೇಲೆ ಸೈನ್ಯಕ್ಕೂ ಹೋಯಿತು. ಹೆಸರು ಬಂದಲ್ಲಿ ನಕಲಿಯೂ ಬರುತ್ತೆ. ಯಾವುದೋ ಬೆರಕೆ ಸಪೂರ ಮರಿಗೆ 'ಮುಧೋಳ' ಅನ್ನುವವರಿಗೆ ಕಡಿಮೆಯಿಲ್ಲ. ಅಸಲೀ ತಳಿಯೇ ಬೇಕಾದರೆ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ, ಅಲ್ಲಿ ವಿಚಾರಿಸಿ. ಆದರೆ ಒಂದು ಮಾತು. ಅದು ಬಯಲುಸೀಮೆಯಲ್ಲಿ ಕಣ್ಣಿಗೆ ಕಂಡದ್ದನ್ನು ಓಡಿ ಹಿಡಿಯುವ, ತೆಳು ರೋಮದ ನಾಯಿ. ಕಾಫಿ ಗಿಡದ ಸಂದಿಯಲ್ಲಿ ಓಡಲು ಬಯಲೆಲ್ಲಿ? ಹೆಬ್ಬೆಯ ಆಷಾಢದ ಮಳೆಗೆ ನಮ್ಮ ನಾಟಿ ನಾಯಿಯೇ ಗಟ್ಟಿ. ಅಕ್ಕಪಕ್ಕದ ತೋಟದಲ್ಲಿ ಒಳ್ಳೆ ತಾಯಿ ಕಂಡರೆ ಮೊದಲೇ ಹೇಳಿಟ್ಟು ಒಂದು ಸೂಲು ಕಾಯಿರಿ.

ಮನೆಗೆ ತಂದ ಮೇಲೆ

ಮೊದಲ ಎರಡು ವಾರ ಬೇರೆ ನಾಯಿಗಳಿಂದ ದೂರ ಇಡಿ. ಪಾರ್ವೋ, ಡಿಸ್ಟೆಂಪರ್ ಲಸಿಕೆ ಆರರಿಂದ ಎಂಟು ವಾರಕ್ಕೆ ಶುರು, ನಾಲ್ಕು ತಿಂಗಳು ತುಂಬುವವರೆಗೆ ಮೂರ್ನಾಲ್ಕು ವಾರಕ್ಕೊಮ್ಮೆ. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ. ಒಂದೇ ಸೂಜಿಗೆ ಮುಗಿಯಿತು ಅಂದುಕೊಳ್ಳಬೇಡಿ.

ಕಾಡಿನ ಅಂಚಿನವರಿಗೆ ಇದು ಇನ್ನೂ ಮುಖ್ಯ. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹ ಸತ್ತಾಗ ಕೆಲವಕ್ಕೆ ಡಿಸ್ಟೆಂಪರ್ ತಗುಲಿದ್ದು ಪತ್ತೆಯಾಯಿತು. ನಮ್ಮ ಭದ್ರಾ ಕಾಡಿನ ಹುಲಿ, ಸೀಳುನಾಯಿಗಳಿಗೂ ಈ ರೋಗ ಅಂಟಬಲ್ಲದು.

ನಮ್ಮ ಅಂಗಳದ ಲೆಕ್ಕ

ಬೇಜವಾಬ್ದಾರಿ ಪೇಟೆಯಲ್ಲಿ ಮಾತ್ರ ಇದೆ ಅನ್ನೋ ಹಾಗಿಲ್ಲ. ಮನೆ ನಾಯಿ ವರ್ಷಕ್ಕೆರಡು ಸಲ ಮರಿ ಹಾಕುತ್ತೆ. ಗಂಡುಮರಿಗೆ ಗಿರಾಕಿ ಸಿಗುತ್ತಾರೆ, ಹೆಣ್ಣುಮರಿ ಗೋಣಿಚೀಲದಲ್ಲಿ ರಸ್ತೆ ತಿರುವಿಗೆ ಹೋಗುತ್ತೆ. ಬದುಕಿದವು ಬೀದಿನಾಯಿಯಾಗಿ ನಮ್ಮ ಕೋಳಿ, ಕರುಗಳಿಗೇ ಬರುತ್ತವೆ. ಮರಿ ಬೇಡವಾದರೆ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ ಸಂತಾನಹರಣ ಮಾಡಿಸಿ. ಮರಿ ಬೇಕಾದರೆ ಎರಡು ತಿಂಗಳು ಸಾಕಿ, ಜಂತುಹುಳಕ್ಕೆ ಔಷಧಿ ಹಾಕಿ, ಮೊದಲ ಲಸಿಕೆ ಕೊಡಿಸಿ ಕಳಿಸಿ. ಹೆಣ್ಣುಮರಿಯೂ ಗಂಡಿನಷ್ಟೇ ಚೆನ್ನಾಗಿ ತೋಟ ಕಾಯುತ್ತೆ.

ಕೊಳ್ಳುವವರಿಗೆ ಕೊನೆಯ ಸಲಹೆ: ಮೊದಲ ಸಲ ನೋಡಲು ಹೋಗುವಾಗ ಬುಟ್ಟಿ ಒಯ್ಯಬೇಡಿ. ಮರಿ ಮಡಿಲಿಗೆ ಬಂತೆಂದರೆ ವಾಪಸು ಇಡಲು ಮನಸ್ಸು ಬರುವುದಿಲ್ಲ. ತಾಯಿ ನೋಡಿ, ಜಾಗ ನೋಡಿ, ಕಾರ್ಡು ನೋಡಿ ಬನ್ನಿ. ಮನಸ್ಸಿಗೆ ಒಪ್ಪಿದರೆ ವಾರ ಬಿಟ್ಟು ಬುಟ್ಟಿ ಹಿಡಿದು ಹೋಗಿ.