ನೆಗಡಿಯ ಸೋಗಿನ ವ್ಯಸನ

ಅಫೀಮಿನಿಂದ ದೊರೆಯುವ ಮಾರ್ಫಿನ್, ಕೊಡೀನ್, ಅದರಿಂದಲೇ ತಯಾರಾಗುವ ಹೆರಾಯಿನ್, ಇವುಗಳಂತೆಯೇ ಮಿದುಳಿನ ಮೇಲೆ ಕೆಲಸ ಮಾಡುವ ಟ್ರಮಡಾಲ್, ಟಪೆಂಟಡಾಲ್‌ನಂಥ ಕೃತಕ ನೋವು ನಿವಾರಕಗಳನ್ನು ಒಟ್ಟಾಗಿ ಓಪಿಯಾಯ್ಡ್‌ಗಳೆಂದು ಕರೆಯುತ್ತಾರೆ. ಟ್ರಮಡಾಲ್ 2018ರಲ್ಲಿ ಮಾದಕ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬಂದಿತಾದರೂ, ಮಾತ್ರೆಯ ಪಟ್ಟಿಯಾಗಿಯೋ ಕೆಮ್ಮಿನ ಸಿರಪ್ಪಾಗಿಯೋ ಈ ಚಟ ಮನೆಯೊಳಗೆ ಕಾಲಿಟ್ಟಾಗ ಅದನ್ನು ಮಾದಕವೆಂದು ಸಂಶಯಿಸುವವರು ವಿರಳ.

ಚಿಕಿತ್ಸೆಗೆ ಕರೆತಂದ ಮೇಲೆ ಹಿಂದಿನದನ್ನು ನೆನೆಯುವ ಕುಟುಂಬದವರಿಗೆ ಹೆಚ್ಚಾಗಿ ಹೊಳೆಯುವುದೆಂದರೆ, ಲಕ್ಷಣಗಳು ಕಣ್ಣೆದುರಿಗೇ ಇದ್ದವು, ಆದರೆ ಪ್ರತಿಯೊಂದಕ್ಕೂ ಬೇರೊಂದು ನೆಪ ಸಿಗುತ್ತಿತ್ತು ಎಂಬುದು. ಮಂದ ಬೆಳಕಿನಲ್ಲೂ ಸಾಸಿವೆ ಕಾಳಿನಷ್ಟು ಕುಗ್ಗಿರುವ ಕಣ್ಣುಪಾಪೆ, ಕಲಸಿದ ತುತ್ತು ಕೈಯಲ್ಲಿರುವಾಗಲೇ ಬರುವ ತೂಕಡಿಕೆ, ಮೂಗು ಕೆನ್ನೆಗಳ ತುರಿಕೆ, ಮಲಬದ್ಧತೆ, ಸುಡು ಬೇಸಿಗೆಯಲ್ಲೂ ಬಿಚ್ಚದ ತುಂಬುತೋಳಿನ ಅಂಗಿ, ಇವು ಮದ್ದಿನ ಪ್ರಭಾವವಿರುವಾಗಿನ ಚಿಹ್ನೆಗಳು. ಪ್ರಭಾವ ಇಳಿದಾಗ ಎಲ್ಲವೂ ತಿರುವುಮುರುವಾಗಿ ಪಾಪೆ ಹಿಗ್ಗುತ್ತದೆ, ಒಂದರ ಹಿಂದೊಂದು ಆಕಳಿಕೆ ಬರುತ್ತದೆ, ಮೂಗು ಕಣ್ಣು ಸುರಿಯುತ್ತವೆ, ರೋಮ ನಿಮಿರುತ್ತದೆ, ಹೊಟ್ಟೆ ನುಲಿದು ಭೇದಿಯಾಗುತ್ತದೆ. ವೈದ್ಯರು ವಿತ್‌ಡ್ರಾಯಲ್ ಎನ್ನುವ ಈ ಸ್ಥಿತಿ ಹೆರಾಯಿನ್ ಸೇವಿಸುವವರಲ್ಲಿ ಸಾಮಾನ್ಯವಾಗಿ 6ರಿಂದ 12 ಗಂಟೆಗಳಲ್ಲಿ ತಲೆದೋರುತ್ತದೆ. ಮನೆಯವರು ಕಷಾಯ ಕಾಯಿಸುವಷ್ಟರಲ್ಲಿ ಹೊರಗೆ ಹೋಗಿಬಂದವನ ನೆಗಡಿ ಮಾಯವಾಗಿರುತ್ತದೆ; ಹೀಗೆ ಪದೇಪದೇ ಬಂದು ಥಟ್ಟನೆ ಹೋಗುವ ನೆಗಡಿಯಷ್ಟು ಗಮನಾರ್ಹವಾದ ಸುಳಿವು, ಕಳುವಾದ ಹಣವೂ ಅಲ್ಲ, ಹೊಸ ಗೆಳೆಯರೂ ಅಲ್ಲ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಕ್ಯಾನ್ಸರ್ ನೋವಿಗೆ ವೈದ್ಯರ ಸಲಹೆಯಂತೆ ಮಾರ್ಫಿನ್ ಪಡೆಯುವವರಲ್ಲೂ ದೇಹ ಮದ್ದಿಗೆ ಒಗ್ಗುತ್ತದೆ, ತಟ್ಟನೆ ನಿಲ್ಲಿಸಿದರೆ ವಿತ್‌ಡ್ರಾಯಲ್ ಕಾಣಿಸುತ್ತದೆ; ಅದಷ್ಟೇ ವ್ಯಸನವಲ್ಲ. ಹಾನಿ ಕಣ್ಣಿಗೆ ಕಂಡರೂ ನಿಲ್ಲಿಸಲಾಗದೆ, ಬದುಕೆಲ್ಲ ಮದ್ದಿನ ಸುತ್ತಲೇ ಸುತ್ತತೊಡಗಿದಾಗ ಮಾತ್ರ ಅದು ವ್ಯಸನ.

ಗುಟ್ಟು ಬಯಲಾದಾಗ ಕೋಣೆಯಲ್ಲಿ ಕೂಡಿಹಾಕಿ ಚಟ ಬಿಡಿಸಲು ಹೊರಡುವುದು ಅತ್ಯಂತ ಅಪಾಯದ ಉಪಾಯ. ಕೆಲವು ದಿನ ಮದ್ದಿಲ್ಲದೆ ಕಳೆದರೆ ದೇಹದ ಒಗ್ಗಿಕೆ ಕುಗ್ಗುವುದರಿಂದ, ಹೊರಬಂದು ಹಳೆಯ ಪ್ರಮಾಣವನ್ನೇ ಸೇವಿಸಿದವನ ಉಸಿರು ನಿಲ್ಲಬಹುದು. ಎಬ್ಬಿಸಿದರೂ ಏಳದೆ, ಗೊರಗೊರ ಸದ್ದಿನೊಂದಿಗೆ ಉಸಿರು ನಿಧಾನವಾಗಿ ತುಟಿ ನೀಲಿಗಟ್ಟಿದರೆ ತಕ್ಷಣ 108ಕ್ಕೆ ಕರೆ ಮಾಡಬೇಕು. ಬ್ಯುಪ್ರೆನಾರ್ಫಿನ್‌ನಂಥ ಔಷಧಿಗಳಿಂದ ಈ ವ್ಯಸನಕ್ಕೆ ಚಿಕಿತ್ಸೆಯಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದ್ದು, ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿಯ ಸಂಖ್ಯೆ 14446.